ನಾಲ್ಕು ಬಿಟ್ಟರೆ ಸರಿಹೋಗುವುದಿಲ್ಲವೇ?

ತಂಗಿಯನ್ನು ರಕ್ತ ಬರುವಂತೆ ಕಚ್ಚುವ ಹುಡುಗನಿಗೆ ಚಿಕಿತ್ಸೆ ಏಕೆ, ನಾಲ್ಕು ಏಟು ಬಿಟ್ಟರೆ ಸರಿಹೋಗುವುದಿಲ್ಲವೇ? ಮುಂಬಯಿಯಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನನ್ನನ್ನು ಕನ್ನಡಿಗರು ಹೋದಲ್ಲೆಲ್ಲ ಇದನ್ನೇ ಕೇಳುತ್ತಾರೆ.

ಇಲ್ಲ, ಸರಿಹೋಗುವುದಿಲ್ಲ. ನನ್ನ ಬಳಿ ಬರುವ ಹೆಚ್ಚಿನ ಮಕ್ಕಳು ಏಟು ತಿಂದೇ ಬಂದವರು.

ಮಾಟುಂಗಾದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲೇ ಹಿರಿಯರೊಬ್ಬರು ಹಿಡಿದುಕೊಂಡರು: "ನಮಗೆ ಮಾಸ್ತರರು ಹೊಡೆಯಲಿಲ್ಲವೇನಮ್ಮಾ? ನಾವೇನು ಕೆಟ್ಟುಹೋದೆವೇ?" ಇಲ್ಲ, ರಾಯರೇ. ಆದರೆ ಆ ಮಾಸ್ತರರು ರಾತ್ರಿ ನಿಮ್ಮ ಮನೆಯಲ್ಲಿ ಮಲಗುತ್ತಿರಲಿಲ್ಲ.

ತಂಗಿಯನ್ನು ಹಾಗೆ ಕಚ್ಚುತ್ತಿದ್ದ, ನಾನು ಕಂಡ ಒಬ್ಬ ಹುಡುಗ, ಹೊರಗೆ ಚಿಲಕ ಸದ್ದಾದರೆ ಸಾಕು, ಕೈಯಲ್ಲಿದ್ದ ಬಣ್ಣದ ಕಡ್ಡಿ ಮುರಿಯುವಷ್ಟು ಮುಷ್ಟಿ ಬಿಗಿಯುತ್ತಿದ್ದ. ಅಪ್ಪ ಕುಡಿದು ಬರುವಾಗಿನ ಸದ್ದು ಅದು. ಮುಷ್ಟಿ ಬಿಗಿಯುತ್ತಿದೆ ಎಂಬುದು ಮೊದಲು ಅವನಿಗೇ ತಿಳಿಯಬೇಕು. ಆಮೇಲೆ ಉಸಿರು ನಿಧಾನಿಸುವುದು, ಎದ್ದು ದೂರ ಸರಿಯುವುದು. ಇದನ್ನು ಮುದ್ದು ಎನ್ನಬೇಡಿ. ಕಚ್ಚಿದ್ದು ತಪ್ಪು ಎಂದು ಅವನ ಮುಖಕ್ಕೇ ಹೇಳುತ್ತೇವೆ. ತಾಯಿಯೂ ಜೊತೆಗೆ ಕೂತು ಕಲಿಯುತ್ತಾರೆ. ಹೀಗೆ ವರ್ತಿಸುವ ಮಕ್ಕಳೆಲ್ಲ ಆಘಾತ ಕಂಡವರೇ ಎಂದಲ್ಲ, ವಿಚಾರಿಸದೆ ಹಾಗೆಂದು ತೀರ್ಮಾನಿಸುವುದೂ ತಪ್ಪು.

"ದೊಡ್ಡವನಾದ ಮೇಲೆ ಇವನು ಅಪರಾಧಿಯೇ" ಎನ್ನುವವರಿಗೆ ಒಂದು ಲೆಕ್ಕ, ಕಚ್ಚುವುದಕ್ಕಿಂತಲೂ ಜನ ಹೆಚ್ಚು ಹೆದರುವ ವರ್ತನೆಯದು. ಬೇರೆ ಮಕ್ಕಳೊಂದಿಗೆ ಲೈಂಗಿಕವಾಗಿ ತಪ್ಪು ವರ್ತನೆ ತೋರಿದ 5ರಿಂದ 12 ವರ್ಷದ ಮಕ್ಕಳನ್ನು ಅಮೆರಿಕದ ಸಂಶೋಧಕರು 10 ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಲಕರನ್ನೂ ಸೇರಿಸಿಕೊಂಡು ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ ಪಡೆದವರಲ್ಲಿ ಮುಂದೆ ಲೈಂಗಿಕ ಅಪರಾಧದ ದಾಖಲೆ ಸೇರಿದವರು ಶೇ. 2, ಆಟದ ಮೂಲಕ ಚಿಕಿತ್ಸೆ ಪಡೆದವರಲ್ಲಿ ಶೇ. 10. ಅಪರಾಧಿ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಸರಿಯಾದ ಚಿಕಿತ್ಸೆ ಕೊಡಿಸಿ.

ಕೇಳಬೇಕಾದದ್ದನ್ನು ಕೇಳಿದವರು ಆ ಹುಡುಗನ ತಾಯಿ: "ಇರುವುದೊಂದೇ ಖೋಲಿ, ಮೇಡಂ. ರಾತ್ರಿ ಇಬ್ಬರನ್ನೂ ಎಲ್ಲಿ ಮಲಗಿಸಲಿ?" ನೊಂದ ಮಗುವಿನ ಸುರಕ್ಷತೆ ಮೊದಲು, ಉಳಿದದ್ದೆಲ್ಲ ಆಮೇಲೆ. ಕಾಗದದ ಮೇಲೆ ಖೋಲಿಯ ನಕ್ಷೆ ಬರೆದೆವು. ಗೋಡೆಯ ಪಕ್ಕ ತಂಗಿ, ನಡುವೆ ಅಜ್ಜಿ, ಬಾಗಿಲಿನಿಂದ ದೂರ ಅವನು. ಶಾಲೆ ಬಿಟ್ಟ ಮೇಲೆ ತಾಯಿ ಬರುವವರೆಗೆ ಇಬ್ಬರನ್ನೇ ಬಿಡುವಂತಿಲ್ಲ. ಪಕ್ಕದ ಖೋಲಿಯಾಕೆ ತಂಗಿಯನ್ನು ಕೂರಿಸಿಕೊಳ್ಳಲು ಒಪ್ಪಿದರು. ಅಪ್ಪ ಮತ್ತೆ ಕೈಯೆತ್ತಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕೆಂದು ಅದೇ ಕಾಗದದ ಕೆಳಗೆ ದೊಡ್ಡದಾಗಿ ಬರೆದುಕೊಟ್ಟೆ.