ಪಟ್ಟಿಗೆ ಮೊದಲು ತಾರಸಿ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಹಳೆಯ ಮನೆಗಳನ್ನು ಉಳಿಸಿಕೊಳ್ಳಬೇಕೆಂದು ಒಟ್ಟುಗೂಡಿದ ನಿವಾಸಿಗಳ ಜೊತೆ, ಆ ಮನೆಗಳ ಅಳತೆ ತೆಗೆದು ನಕ್ಷೆ ಬರೆಯುವ ವಾಸ್ತುಶಿಲ್ಪಿಯಾಗಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಆರಂಭದಲ್ಲಿ ನನಗೆ ಅರ್ಥವಾಗುತ್ತಿದ್ದದ್ದು ಕಟ್ಟಡ ಮಾತ್ರ. ಅದರ ಒಡೆತನವೂ ಕಟ್ಟಡದಷ್ಟೇ ಜಟಿಲವೆಂಬುದು ತಡವಾಗಿ ತಿಳಿಯಿತು.

ಈ ಬಡಾವಣೆ ಬಸವನಗುಡಿಯಂತೆಯೇ 1898ರ ಪ್ಲೇಗಿನ ನಂತರ ಬೆಳೆದದ್ದು. ಹಳೆಯ ಪೇಟೆಯ ಇಕ್ಕಟ್ಟಿಗೆ ಹೆದರಿದ ಆಡಳಿತ ಇಲ್ಲಿ ನೇರವಾದ ಅಡ್ಡರಸ್ತೆಗಳನ್ನೂ, ಮನೆಯ ಸುತ್ತ ಗಾಳಿಬೆಳಕಿಗೆ ಜಾಗವನ್ನೂ, ಹಿತ್ತಲಿನ ಹಿಂದೆ ಕನ್ಸರ್ವೆನ್ಸಿ ಓಣಿಗಳನ್ನೂ ಬಿಡಿಸಿತು. ಮಲ ಹೊರುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಮಾಡಿದ ದಾರಿ ಅದು. ಪರಂಪರೆಯ ನಡಿಗೆಗಳಲ್ಲಿ ಈ ಓಣಿಗಳ ಚೆಲುವನ್ನು ಬಣ್ಣಿಸುವಾಗ ನಾವು ಈ ಮಾತನ್ನು ನುಂಗಿಕೊಳ್ಳುತ್ತಿದ್ದೆವು. ಅದು ಸರಿಯಲ್ಲವೆಂದು ನನಗೆ ಈಗ ಅನ್ನಿಸುತ್ತದೆ. ಬಡಾವಣೆಗಿಂತ ಊರು ಹಳೆಯದು: ಕಾಡು ಮಲ್ಲೇಶ್ವರ ದೇವಾಲಯಕ್ಕೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ, ಶಿವಾಜಿಯ ಮಲತಮ್ಮ ಏಕೋಜಿಯ ಶಾಸನ 1669ರದು.

2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ಓಡತೊಡಗಿದ ಮೇಲೆ, ಸುತ್ತಲಿನ ನಿವೇಶನಗಳಿಗೆ ಬಿಲ್ಡರುಗಳ ಬೇಡಿಕೆ ಇನ್ನಷ್ಟು ಜೋರಾದಂತೆ ಕಂಡು ನಮ್ಮ ಗುಂಪು ಗಾಬರಿಯಾಯಿತು. ಬೀದಿ ಬೀದಿ ಸುತ್ತಿ ಮಂಕಿ ಟಾಪ್ ಎಂಬ ಮರದ ಪಟ್ಟಿಗಳ ಚೂಪು ಮುಂಚಾವಣಿ ಇರುವ ಮುಖಮಂಟಪ, ಮಂಗಳೂರು ಹೆಂಚಿನ ಮಾಡು, ಕೆಂಪು ಗಾರೆಯ ನೆಲವಿರುವ ಮನೆಗಳ ಪಟ್ಟಿ ಮಾಡಿ, ಅದನ್ನು ಒಂದು ಸಭೆಯಲ್ಲಿ ಭೂಪಟದ ಮೇಲೆ ಗುರುತಿಸಿ ತೋರಿಸಿದೆವು. ಆ ಪಟ್ಟಿಗೆ ಕಾನೂನಿನ ಬಲ ಯಾವುದೂ ಇರಲಿಲ್ಲ. ಆದರೂ ವಾರದೊಳಗೆ, ಹಿಂದೆ ಕಾಫಿ ಕೊಟ್ಟು ಕೂರಿಸಿದ್ದ ಕೆಲವು ಮನೆಗಳ ಗೇಟು ನಮಗೆ ಮುಚ್ಚಿತು.

ಆ ಮನೆಗಳಲ್ಲೊಂದರ ಹಿರಿಯರೊಬ್ಬರು ಗೇಟಿನ ಆಚೆಯಿಂದಲೇ ಕೇಳಿದರು: “ಏನಪ್ಪಾ, ನನ್ನ ಮನೆ ಪಟ್ಟೀಲಿ ಹಾಕೋವಾಗ ನನ್ನನ್ನ ಕೇಳಿದ್ಯಾ? ಮಕ್ಕಳು ನಾಳೆ ಪಾಲು ಕೇಳಿದ್ರೆ ನೀನು ಬಂದು ಕೊಡ್ತೀಯಾ?” ನಾಲ್ವರು ಮಕ್ಕಳಿರುವ ಒಂಟಿ ಅಂತಸ್ತಿನ ಮನೆಯ ಮಾಲೀಕರಿಗೆ ಜಂಟಿ ಅಭಿವೃದ್ಧಿ ಒಪ್ಪಂದವೆಂದರೆ, ಅಂದರೆ ನಿವೇಶನ ಕೊಟ್ಟು ಬಿಲ್ಡರು ಕಟ್ಟುವ ಫ್ಲ್ಯಾಟುಗಳಲ್ಲಿ ಪಾಲು ಪಡೆಯುವುದೆಂದರೆ, ತಲೆಗೊಂದು ಫ್ಲ್ಯಾಟು, ಜಗಳವಿಲ್ಲದ ಪಾಲು. ನಾವು ಆ ಲೆಕ್ಕದ ಎದುರು ಇಟ್ಟದ್ದು ಚೆಂದವೆಂಬ ಒಂದೇ ಮಾತು. ಮುಂಬೈಯಲ್ಲಿ 1995ರ ಪರಂಪರಾ ನಿಯಮಗಳು, ಹಳೆಯ ಕಟ್ಟಡವನ್ನು ಉಳಿಸಿಕೊಂಡ ಮಾಲೀಕರು ಅದರ ಮೇಲೆ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾರುವ ದಾರಿಯನ್ನು ತೆರೆದಿದ್ದವು. ನಮ್ಮ ಕೈಯಲ್ಲಿ ಅಂಥ ಯಾವುದೂ ಇರಲಿಲ್ಲ.

ಬೇರೆ ಬಾಗಿಲು ತೆರೆಸಿದ್ದು ಒಬ್ಬ ಗಾರೆ ಮೇಸ್ತ್ರಿ. ಈ ಮನೆಗಳ ಮದ್ರಾಸ್ ತಾರಸಿಯೆಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿ, ಮೇಲೆ ಸುಣ್ಣದ ಗಾರೆಯನ್ನು ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು. ಸೋರಿದಾಗ ಮಾಲೀಕರು ಮೇಲೆ ಸಿಮೆಂಟು ಬಳಿಸುತ್ತಾರೆ. ಸುಣ್ಣ ಉಸಿರಾಡುತ್ತದೆ, ಸಿಮೆಂಟು ಉಸಿರಾಡುವುದಿಲ್ಲ. ಒಳಗೆ ಸಿಕ್ಕಿಕೊಂಡ ತೇವ ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ತಿನ್ನುತ್ತದೆ. ಮನೆಯೇ ಮುಗಿಯಿತೆಂದು ಕೆಡವಿಸಲು ಹೊರಟವರಲ್ಲಿ ಹಲವರಿಗೆ ನಿಜಕ್ಕೂ ಬೇಕಾಗಿದ್ದದ್ದು ಎರಡೋ ಮೂರೋ ತೊಲೆಗಳ ಬದಲಾವಣೆ ಮತ್ತು ಆ ಸಿಮೆಂಟಿನ ಪದರ ಕೀಳುವುದು. ಅಲ್ಲಿಂದ ಮುಂದೆ ನಾನು ಯಾವುದೇ ಮನೆಗೆ ಹೋದರೂ ಮುಖಮಂಟಪವನ್ನು ಬಿಟ್ಟು ಮೊದಲು ತಾರಸಿಗೆ ಹತ್ತಿದೆ. ಇಳಿದ ಮೇಲೆ, ಮನೆಯವರು ಒಪ್ಪಿದರೆ, ಖಾತೆ ಇನ್ನೂ ತಾತನ ಹೆಸರಿನಲ್ಲಿದೆಯೇ ಎಂದು ಕೇಳಿದೆ. ಗುಂಪಿನ ನಿವೃತ್ತ ವಕೀಲರೊಬ್ಬರು ಈ ಕಾಗದಗಳನ್ನು ನೋಡಿಕೊಡಲು ಒಪ್ಪಿಕೊಂಡದ್ದು ನನ್ನ ಎಲ್ಲ ನಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಎಲ್ಲ ಮನೆಗಳೂ ಉಳಿದವೆಂದಲ್ಲ. ಪಾಲು ಇತ್ಯರ್ಥವಾದ ಕೂಡಲೇ ಎರಡು ಮನೆಗಳು ನೆಲಸಮವಾದವು. ಒಂದರ ಬಾಗಿಲು ಕಿಟಕಿಗಳನ್ನು ಇಳಿಸಿಕೊಳ್ಳಲು ನಮಗೆ ಒಂದು ದಿನ ಸಮಯ ಸಿಕ್ಕಿತು, ಅಷ್ಟೆ. ಗೇಟಿನ ಆಚೆ ನಿಂತು ಬೈದಿದ್ದ ಆ ಹಿರಿಯರ ಮನೆಯಲ್ಲಿ ಮಾತ್ರ ಮಕ್ಕಳೇ ಸೇರಿ ತಾರಸಿ ರಿಪೇರಿ ಮಾಡಿಸಿ, ಮುಂದಿನ ಎರಡು ಕೋಣೆಗಳನ್ನು ಸಂಗೀತದ ತರಗತಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಳತೆ ತೆಗೆಯಲು ಈಚೆಗೆ ಅವರೇ ಕರೆದರು. ನಕ್ಷೆಯ ಮೂಲಪ್ರತಿ ತಮ್ಮ ಬೀರುವಿನಲ್ಲೇ ಇರಬೇಕೆಂದು ಮೊದಲೇ ಷರತ್ತು ಹಾಕಿದ್ದರು.