ಸಮ ನಿಂತ ತಕ್ಕಡಿ

ಯೆಹೂದ್ಯರ ತಿಶ್ರಿ ಮಾಸದ ಹತ್ತನೆಯ ದಿನ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ನೀರೂ ಮುಟ್ಟದ ಉಪವಾಸ, ಕಾಲಿಗೆ ಚರ್ಮದ ಚಪ್ಪಲಿಯೂ ಇಲ್ಲ. ತಪ್ಪೊಪ್ಪಿಗೆಯ ಪಾಠ ಬಂದಾಗ ಎಲ್ಲರೂ ಎದ್ದು ತಲೆಬಾಗಿ, ಒಂದೊಂದು ತಪ್ಪಿಗೂ ಮುಷ್ಟಿಯಿಂದ ಎದೆ ತಟ್ಟಿಕೊಳ್ಳುತ್ತಾರೆ: ನಾವು ದ್ರೋಹ ಬಗೆದೆವು, ನಾವು ದೋಚಿದೆವು. ಜನ್ಮದಲ್ಲಿ ಒಂದು ಕಾಸು ಕದಿಯದವನೂ ಹೀಗೇ ಹೇಳಬೇಕು. ಪಕ್ಕದಲ್ಲಿ ನಿಂತವನ ಪಾಪ ನನಗೆ ಸೇರಿದ್ದಲ್ಲ ಎಂದು ನುಣುಚಿಕೊಳ್ಳಲು ಅಲ್ಲಿ ಜಾಗವಿಲ್ಲ.

ಪಾಪದಲ್ಲಿ ಪಾಲಿದೆ ಎಂದಮೇಲೆ ಪುಣ್ಯದಲ್ಲೂ ಇರಬೇಕಲ್ಲ? ಒಬ್ಬನ ಪಶ್ಚಾತ್ತಾಪದಿಂದ ಇಡೀ ಲೋಕಕ್ಕೇ ಕ್ಷಮೆ ಸಿಗುತ್ತದೆ ಎಂದು ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಧರ್ಮಗುರು ರಬ್ಬಿ ಮೇಯಿರ್ ಹೇಳುತ್ತಾರೆ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್ ಇದನ್ನೇ ಧರ್ಮಸೂತ್ರವಾಗಿಸಿದರು. ಮನುಷ್ಯ ವರ್ಷವಿಡೀ ತನ್ನನ್ನು ಅರ್ಧ ಪಾಪಿ, ಅರ್ಧ ಪುಣ್ಯವಂತ ಎಂದು ಕಾಣಬೇಕು, ಲೋಕವನ್ನೂ ಹಾಗೆಯೇ. ತಕ್ಕಡಿ ಸಮ ನಿಂತಿದೆ. ಈಗ ಮಾಡುವ ಒಂದೇ ಒಂದು ಕೆಲಸ ಅವನನ್ನೂ ಲೋಕವನ್ನೂ ಒಂದು ಕಡೆಗೆ ವಾಲಿಸುತ್ತದೆ.

ಲೋಕವೆಲ್ಲ ನನ್ನ ಮೇಲೇ ನಿಂತಿದೆ ಎಂಬ ಜಂಬ ಬರಲು ಇಷ್ಟು ಸಾಕು. ಆದರೆ ಇದೇ ಮಾತು ಪ್ರತಿಯೊಬ್ಬನಿಗೂ ಅನ್ವಯಿಸುತ್ತದೆ, ಮಾಡುವ ಕೆಲಸವೂ ಜಂಬ ಪಡುವಷ್ಟು ದೊಡ್ಡದೇನಲ್ಲ. ಹೊಸ ವರ್ಷದ ರೋಷ್ ಹಶಾನಾದಿಂದ ಯೋಮ್ ಕಿಪ್ಪುರ್‌ವರೆಗೆ ಕೈಬಿಚ್ಚಿ ದಾನ ಮಾಡುವ ರೂಢಿಯಿದೆ. ಅದಕ್ಕಿಂತ ಕಷ್ಟದ್ದು, ನೋಯಿಸಿದವರ ಮುಂದೆ ಹೋಗಿ ನಿಲ್ಲುವುದು. ದೇವರಿಗೆ ಮಾಡಿದ ತಪ್ಪನ್ನು ಈ ದಿನ ತೊಳೆಯುತ್ತದೆ, ಮನುಷ್ಯನಿಗೆ ಮಾಡಿದ್ದನ್ನು ಅವನನ್ನು ಸಮಾಧಾನಪಡಿಸುವವರೆಗೂ ತೊಳೆಯದು ಎಂದು ಯೆಹೂದ್ಯರ ಪ್ರಾಚೀನ ಧರ್ಮಸಂಹಿತೆ ಮಿಶ್ನಾ ಖಡಾಖಂಡಿತವಾಗಿ ಹೇಳಿದೆ. ಎಷ್ಟು ಉಪವಾಸ ಮಾಡಿದರೂ ಅಷ್ಟೇ. ನನಗಂತೂ ಇಡೀ ವ್ರತದಲ್ಲಿ ಹೆಚ್ಚು ಹಿಡಿಸಿದ್ದು ಈ ನಿಷ್ಠುರತೆ.

ಹೊಟ್ಟೆ ಚುರುಗುಟ್ಟುವ ಮಧ್ಯಾಹ್ನದ ಹೊತ್ತಿಗೆ ಪ್ರವಾದಿ ಯೋನನ ಕಥೆ ಓದುತ್ತಾರೆ. ದೇವರ ಮಾತಿಗೆ ಬೆನ್ನು ತಿರುಗಿಸಿ ಓಡಿದವನು ಅವನೊಬ್ಬ, ಬಿರುಗಾಳಿಗೆ ಸಿಕ್ಕಿದ್ದು ಹಡಗಿನಲ್ಲಿದ್ದ ಎಲ್ಲರೂ. ಕೊನೆಗೆ ಒಲ್ಲದ ಮನಸ್ಸಿನಿಂದಲೇ ನಿನೆವೆ ಪಟ್ಟಣಕ್ಕೆ ಹೋಗಿ, ಊರು ನಾಶವಾಗಲಿದೆ ಎಂಬ ಒಂದು ಮಾತು ಸಾರುತ್ತಾನೆ. ಅರಸ ಸಿಂಹಾಸನ ಬಿಟ್ಟಿಳಿದು ಬೂದಿಯಲ್ಲಿ ಕೂರುತ್ತಾನೆ, ಊರಿಗೆ ಊರೇ ಬದಲಾಗುತ್ತದೆ. ಯೋನನೋ, ದೇವರು ಊರನ್ನು ಉಳಿಸಿದನೆಂದು ಊರಾಚೆ ಕೂತು ಸಿಡಿಮಿಡಿಗೊಳ್ಳುತ್ತಾನೆ. ಬಲ ಯಾವುದು ಎಡ ಯಾವುದು ಎಂದರಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು, ಇವರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಅವನೇನು ಉತ್ತರ ಕೊಟ್ಟನೆಂದು ಬರೆದಿಲ್ಲ.