ಎರಡು ಸುಳಿ

14 ನವೆಂಬರ್ 2024, ಗುರುವಾರ
ತೀರ್ಥಹಳ್ಳಿ

ಅಡಿಕೆ ಸುಲಿಯೋರು ಎದ್ದು ಹೋದ ಮೇಲೆ ಬರೀತಿದ್ದೀನಿ. ಬೆರಳೆಲ್ಲ ಕರೆ, ನಾಳೆ ಫೋನಿನ ಗಾಜಿಗೂ ಹತ್ತಿರುತ್ತೆ.

ನಮ್ಮ ಆಡು ಬೆಳ್ಳಿ ಭಾನುವಾರ ಮರಿ ಹಾಕಿದೆ, ಒಂದು ಗಂಡು, ಒಂದು ಹೆಣ್ಣು. ಸಂಜೆ ಗಂಡುಮರಿಯ ನೆತ್ತಿ ಮೇಲೆ ಹೆಬ್ಬೆರಳು ಆಡಿಸಿದೆ. ಎರಡು ಸುಳಿ, ಒಂದೊಂದರ ಕೆಳಗೂ ಕಡಲೆಕಾಳಿನಷ್ಟು ಗಟ್ಟಿ. ಅಲ್ಲಿ ಚರ್ಮ ಜಾರೋದಿಲ್ಲ. ಹೆಣ್ಣಿನದ್ದಕ್ಕೂ ಎರಡು ಸುಳಿ ಇದೆ, ಆದ್ರೆ ಕೊಂಬಿನ ಮೊಳಕೆ ಇನ್ನೂ ಕೈಗೆ ಸಿಕ್ಕೂ ಸಿಗದ ಹಾಗಿದೆ. ನಡುವೆ ಒಂದೇ ಸುಳಿ ಇದ್ದಿದ್ರೆ ಹುಟ್ಟಾ ಬೋಳು, ಕೊಂಬೇ ಬರಲ್ಲ ಅಂತ ಸುಮ್ಮನಿರಬಹುದಿತ್ತು.

ದನದ ಡಾಕ್ಟ್ರಿಗೆ ಫೋನ್ ಮಾಡಿದೆ. "ಕೊಂಬು ಬಾರದ ಹಾಗೆ ಮೊಳಕೆ ಸುಡಿಸೋದಾದ್ರೆ ಈ ವಾರವೇ ಹೇಳಮ್ಮ. ಗಂಡುಮರಿಗೆ ಒಂದು ವಾರ ದಾಟಬಾರದು, ಹೆಣ್ಣಿಗೆ ಹತ್ತು ದಿನದವರೆಗೂ ನೋಡಬಹುದು" ಅಂದ್ರು. ತಡವಾದ್ರೆ ಮೊಳಕೆಯ ಬುಡ ಅಗಲವಾಗಿ ಬುರುಡೆಗೆ ಕಚ್ಚಿಕೊಳ್ಳುತ್ತಂತೆ. ಆಮೇಲೆ ಸುಟ್ಟರೂ ಅಂಚಲ್ಲಿ ಉಳಿದದ್ದು ಸೊಟ್ಟ ಕೊಂಬಾಗಿ ಬೆಳೆದು ತಿರುಗಿ ತಲೆಗೇ ಚುಚ್ಚಬಹುದು. ಹೋತಗಳಲ್ಲೇ ಅದು ಜಾಸ್ತಿ.

"ಕರುವಿಗೆ ಮಾಡಿದ ಹಾಗೇ ಅಲ್ವಾ ಡಾಕ್ಟ್ರೇ?" ಅಂದಿದ್ದಕ್ಕೆ ಅವರು ಒಂದು ಪಾಠವನ್ನೇ ಮಾಡಿದ್ರು. ಕರುವಿಗೆ ಒಂದು ಕಡೆಗೆ ಒಂದು ನರ ಮರಗಟ್ಟಿಸಿದ್ರೆ ಸಾಕು. ಆಡಿನ ಕೊಂಬಿಗೆ ಎರಡು ನರ ಹೋಗ್ತವೆ, ಒಂದು ಕಣ್ಣಿನ ಹಿಂದಿನಿಂದ, ಇನ್ನೊಂದು ಕಣ್ಣಿನ ಒಳಮೂಲೆ ಮೇಲಿಂದ. ಅಂದ್ರೆ ಅಂಗೈಯಷ್ಟಿರೋ ತಲೆಗೆ ನಾಲ್ಕು ಚುಚ್ಚು. ಔಷಧಿಯೂ ಜಾಸ್ತಿ ಹೋಗಬಾರದು. ಮರಗಟ್ಟಿಸೋ ಲಿಗ್ನೋಕೇನ್ ಇಷ್ಟು ಚಿಕ್ಕ ಮರಿಗೆ ಸ್ವಲ್ಪ ಹೋದ್ರೂ ಮಿತಿ ಮುಟ್ಟಿಬಿಡುತ್ತೆ, ಅದಕ್ಕೇ ತೆಳು ಮಾಡಿ ಹಾಕಬೇಕು. ಹೆಚ್ಚಾದ್ರೆ ಫಿಟ್ಸ್ ಬಂದು ಮರಿ ಹೋಗುತ್ತೆ. ಬುರುಡೆಯೂ ಕರುವಿನದ್ದಕ್ಕಿಂತ ತೆಳು. ಕಾದ ಕಬ್ಬಿಣ ಹಿಡಿಯೋದು ಬರೀ ಕೆಲವು ಸೆಕೆಂಡು, ಸುತ್ತ ತಾಮ್ರದ ಬಣ್ಣದ ಉಂಗುರ ಮೂಡಿದ ಕೂಡ್ಲೇ ತೆಗೀಬೇಕು. ಮೀರಿದ್ರೆ ಬಿಸಿ ಮೆದುಳಿಗೆ ಇಳಿಯುತ್ತೆ.

"ನಿಮ್ಮ ಕಡೆ ಕರೆಂಟ್ ಹೇಗಿದೆ?" ಅಂತಲೂ ಕೇಳಿದ್ರು. ಮೊದಲು ಅರ್ಥ ಆಗ್ಲಿಲ್ಲ. ವೋಲ್ಟೇಜ್ ಇಲ್ಲದೆ ಕಬ್ಬಿಣ ಅರ್ಧಂಬರ್ಧ ಕಾದ್ರೆ ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕಾಗುತ್ತೆ, ಅಪಾಯ ಇರೋದೇ ಅಲ್ಲಿ. ನಮ್ಮಲ್ಲಿ ಸಂಜೆ ಬಲ್ಬು ಉರಿಯೋದೇ ಕೆಂಪಗೆ. ಹಾಗಾಗಿ ಬೆಳಿಗ್ಗೆಯೇ ಅಂತ ಆಯ್ತು.

ಮುಲಾಮು ಹಚ್ಚಿ ಸುಡೋದೂ ಇದೆ, ಕರುಗಳಿಗೆ ಹಚ್ತಾರೆ. ಮರಿ ಹಾಲು ಕುಡಿಯುವಾಗ ಬೆಳ್ಳಿ ಕೆಚ್ಚಲಿಗೆ ತಲೆ ಗುಮ್ಮೋದನ್ನ ನೋಡಿದವರ್ಯಾರೂ ಆ ಯೋಚನೆ ಮಾಡಲ್ಲ, ಮುಲಾಮು ಕೆಚ್ಚಲಿಗೂ ಹತ್ತಿ ಸುಡುತ್ತೆ.

ಪುಟ್ಟಿ ಶಾಲೇಲಿ ಮಕ್ಕಳ ದಿನಾಚರಣೆ ಇವತ್ತು. ಗುಲಾಬಿ ಸಿಗದೆ ಜೇಬಿಗೆ ದಾಸವಾಳ ಸಿಕ್ಕಿಸಿಕೊಂಡು ನೆಹರೂ ಆಗಿ ಹೋದಳು. ಮಧ್ಯಾಹ್ನದೊಳಗೆ ಹೂವು ಬಾಡಿ ಜೋತುಬಿದ್ದಿತ್ತು, ಬಹುಮಾನ ಮಾತ್ರ ಬಂತು. ಬಂದವಳೇ ಕೊಟ್ಟಿಗೆಗೆ ಓಡಿ ಗಂಡುಮರಿಗೆ ಚಾಚಾ ಅಂತ ಹೆಸರಿಟ್ಟಾಯ್ತು. ಮಾರೋ ಮರಿಗೆ ಹೆಸರಿಡಬೇಡ ಅಂತ ಇವರು ಎಷ್ಟು ಸಲ ಹೇಳಿದ್ರೂ ಅಷ್ಟೇ.

ಮಾರೋ ಮರಿಯೋ ಅಲ್ವೋ ಅನ್ನೋದೇ ನನ್ನ ತಲೆನೋವು. ವ್ಯಾಪಾರದ ಸಾಬ್ರು ಗೇಟಿನ ಹತ್ರ ಸಿಕ್ಕಿದಾಗ ವಿಷಯ ತೆಗೆದೆ. ಅವರು ತಲೆ ಕೊಡವಿದ್ರು. "ಹೋತಕ್ಕೆ ಕೊಂಬೇ ಚೆಂದ ಅಕ್ಕಾ. ಹುಟ್ಟಾ ಬೋಳು ಆದ್ರೆ ಬಕ್ರೀದಿಗೂ ನಡೀತದೆ. ಸುಟ್ಟ ಕಲೆ ಕಂಡ್ರೆ ಗಿರಾಕಿ ನೂರು ಪ್ರಶ್ನೆ ಕೇಳ್ತಾನೆ. ಅದೂ ಅಲ್ದೆ ವರ್ಷ ತುಂಬಿರ್ಬೇಕು, ಮುಂದಿನ ಬಕ್ರೀದಿಗೆ ಇದು ಬರೂದಿಲ್ಲ." ಮಾರಿಹಬ್ಬಕ್ಕೆ ಒಯ್ಯೋರೂ ಅಂಗ ಊನ ಇರಬಾರದು ಅಂತ ತಲೆ ಹಿಡಿದು ತಿರುಗಿಸಿ ನೋಡ್ತಾರೆ. ಮರಿ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗೋದು ಎಷ್ಟೋ ತಿಂಗಳ ಮೇಲೆ, ಕೊಂಬಿನ ತೀರ್ಮಾನ ಮಾತ್ರ ಒಂದು ವಾರದೊಳಗೆ. ಅದರಲ್ಲೂ ಮೊದಲು ತೀರ್ಮಾನ ಮಾಡಬೇಕಾದ್ದು ಗಂಡಿನದ್ದು, ಏನೂ ಖಚಿತ ಇಲ್ಲದಿರೋದೂ ಅದರದ್ದೇ.

ಅತ್ತೆಯದ್ದು ಬೇರೆ ರಾಗ. "ಹಸಿ ಮಗು ತಲೆಗೆ ಬರೆ ಎಳೀತೀಯೇನೇ? ದೇವ್ರು ಕೊಟ್ಟಿದ್ದು, ಇರ್ಲಿ ಬಿಡು." ಚಿಕ್ಕಂದಿನಲ್ಲಿ ಕಾಮಾಲೆಗೆ ಎಳೆದ ಬರೆ ಅವರ ಮುಂಗೈಯಲ್ಲಿ ಈಗಲೂ ಇದೆ. ಎದುರು ಮಾತಾಡಲಿಲ್ಲ.

ಆದ್ರೂ ಹೆಣ್ಣುಮರಿ ನಮ್ಮಲ್ಲೇ ಉಳಿಯೋದು. ಅಟ್ಟದ ಕೊಟ್ಟಿಗೆ ಇಕ್ಕಟ್ಟು, ಮಳೆಗಾಲದಲ್ಲಿ ನಾಲ್ಕು ತಿಂಗಳು ಎಲ್ಲ ಒಂದೇ ಕಡೆ ಒತ್ತಿಕೊಂಡು ನಿಂತಿರ್ತವೆ. ಸೊಪ್ಪು ಹಿಡ್ಕೊಂಡು ಪುಟ್ಟಿ ಬಗ್ಗಿದ್ರೆ ಅವಳ ಕಣ್ಣೂ ಆಡಿನ ತಲೆಯೂ ಒಂದೇ ಎತ್ತರಕ್ಕೆ ಬರ್ತವೆ. ಕೊಂಬಲ್ಲಿ ರಕ್ತ ಓಡಾಡೋದ್ರಿಂದ ಬಿಸಿಲಲ್ಲಿ ಮೈ ತಂಪಾಗುತ್ತೆ ಅಂತಾರೆ, ನಿಜವೇ. ಬಯಲುಸೀಮೆಯವರಿಗೆ ಅದು ದೊಡ್ಡ ಮಾತು. ಆಗುಂಬೆ ಮಗ್ಗುಲಲ್ಲಿ ಕೂತು ನಾನ್ಯಾಕೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿ?

ಇವರು ಇನ್ನೊಂದು ದಾರಿ ತೆಗೆದ್ರು. ಹುಟ್ಟಾ ಬೋಳು ಹೋತ ತಂದು ಬಿಟ್ರೆ ಮುಂದೆ ಸುಡೋ ತಾಪತ್ರಯವೇ ಇರಲ್ವಲ್ಲ ಅಂತ. ಬೋಳಿಗೆ ಬೋಳೇ ಕೂಡಿಸಿದ್ರೆ ಅತ್ತ ಹೆಣ್ಣೂ ಅಲ್ಲದ ಇತ್ತ ಗಂಡೂ ಅಲ್ಲದ, ಗಬ್ಬ ನಿಲ್ಲದ ಮರಿಗಳೂ ಹುಟ್ತವೆ, ಒಂದು ಕಡೆಗಾದ್ರೂ ಕೊಂಬಿರಬೇಕು ಅಂತ ಡಾಕ್ಟ್ರು ಹಿಂದೆಯೇ ಹೇಳಿದ್ರು. ಇವರಿಗೆ ಮರೆತೇ ಹೋಗಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬರ್ತಾರಂತೆ, ಧನುರ್ವಾಯು ಇಂಜೆಕ್ಷನ್ನೂ ಅವರೇ ತರ್ತಾರೆ. ಹೆಣ್ಣಿನದ್ದು ಮಾಡಿಸೋದು ಖಂಡಿತ. ಗಂಡಿನದ್ದು ಬಿಟ್ರೆ ಕೊಂಬಿದ್ದದ್ದು, ಇಲ್ಲದ್ದು ಒಂದೇ ಅಂಕಣದಲ್ಲಿ ಬೆಳೀಬೇಕು, ಗುದ್ದು ತಿನ್ನೋದು ಇಲ್ಲದ್ದೇ. ಮೂರು ತಿಂಗಳಿಗೇ ಒಯ್ತೀರಾ ಅಂತ ನಾಳೆ ಸಾಬ್ರನ್ನ ಕೇಳಬೇಕು. ಹೂಂ ಅಂದ್ರೆ ಕೊಂಬು ಇರಲಿ. ಆಗ ಪುಟ್ಟಿಗೆ ಹೇಳೋದು ಯಾರು, ಇವರಂತೂ ಆ ಹೊತ್ತಿಗೆ ತೋಟಕ್ಕೆ ಹೋಗಿರ್ತಾರೆ.